ಛೇದ ಏನು ಹೇಳುತ್ತದೆ?

ಮಗಳಿಗೆ ಭಿನ್ನರಾಶಿ ಹೇಳಿಕೊಡುವಾಗ ನನಗೆ ಅನ್ನಿಸಿದ್ದು: ಮಕ್ಕಳು ತಡವರಿಸುವುದು ಕೂಡಿ ಕಳೆಯುವುದರಲ್ಲಿ ಅಲ್ಲ, ಛೇದ ಅಂದರೇನು ಅನ್ನುವುದರಲ್ಲಿ. ಇಡಿಯನ್ನು ಎಷ್ಟು ಸಮಪಾಲು ಮಾಡಿದೆವೋ ಅದು ಛೇದ, ಅಂದರೆ ಗೆರೆಯ ಕೆಳಗಿನ ಸಂಖ್ಯೆ. ಅದರಲ್ಲಿ ಎಷ್ಟು ಪಾಲು ತೆಗೆದುಕೊಂಡೆವೋ ಅದು ಅಂಶ, ಗೆರೆಯ ಮೇಲಿನದು. ಪಾಲುಗಳು ಸಮ ಇರಲೇಬೇಕು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಛೇದ ದೊಡ್ಡದಾದಷ್ಟೂ ಪಾಲು ಚಿಕ್ಕದು. ಹಾಗಾಗಿ 1/4ಕ್ಕಿಂತ 1/8 ಕಡಿಮೆ.

ಇಷ್ಟು ಗಟ್ಟಿಯಾದರೆ ದಶಮಾಂಶಕ್ಕೆ ಹೆದರಬೇಕಿಲ್ಲ. ಅಲ್ಲಿ ಛೇದ 10, 100, 1000 ಹೀಗೆ ಹೋಗುತ್ತದೆ, ಅಷ್ಟೇ. 0.5 ಅಂದರೆ ನೂರರಲ್ಲಿ 50, ಆದ್ದರಿಂದ ಅದು 0.45ಕ್ಕಿಂತ ದೊಡ್ಡದು. ಶೇಕಡಾದಲ್ಲಂತೂ ಛೇದ ಯಾವಾಗಲೂ 100. 3/4, 0.75, ಶೇ. 75 ಎಲ್ಲವೂ ಒಂದೇ ಬೆಲೆ.

ಆದರೆ ಶೇಕಡಾ ಕಂಡಾಗಲೆಲ್ಲ 'ಯಾವುದರಲ್ಲಿ?' ಎಂದು ಕೇಳಿಕೊಳ್ಳಬೇಕು, ದೊಡ್ಡವರೂ ಸಹ. 100 ಶೇ. 20ರಷ್ಟು ಏರಿದರೆ 120. ಆ 120 ಶೇ. 20ರಷ್ಟು ಇಳಿದರೆ 100 ಆಗುವುದಿಲ್ಲ, 96 ಆಗುತ್ತದೆ. ಬಡ್ಡಿದರ ಶೇ. 4ರಿಂದ ಶೇ. 6ಕ್ಕೆ ಹೋದರೆ ವ್ಯತ್ಯಾಸ 2 ಅಂತ ಕಾಣುತ್ತದೆ, ಕಟ್ಟುವ ಬಡ್ಡಿ ಮಾತ್ರ ಶೇ. 50ರಷ್ಟು ಹೆಚ್ಚಿರುತ್ತದೆ.