ವಿಪಿಎನ್ ಹಸಿರು, ರಿಮೋಟ್ ಡೆಸ್ಕ್‌ಟಾಪ್ ಕಪ್ಪು

ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಇಂಟರ್ನೆಟ್ ಮೂಲಕ ಹಾಕಿದ ಖಾಸಗಿ ದಾರಿ) ಕನೆಕ್ಟ್ ಆಯಿತೆಂದರೆ ರಿಮೋಟ್ ಡೆಸ್ಕ್‌ಟಾಪ್ (ಆಫೀಸಿನ ಕಂಪ್ಯೂಟರ್ ಪರದೆ ಮನೆಯಲ್ಲೇ ಕಾಣುವುದು) ಬರಲೇಬೇಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ನನಗೆ ಜಾಸ್ತಿ ಫೋನ್ ಬರುವುದೇ ಈ ವಿಷಯಕ್ಕೆ. ಅದೂ 11ನೇ ತಾರೀಖು ಹತ್ತಿರ ಬಂದಾಗ, ಜಿಎಸ್‌ಟಿ ರಿಟರ್ನ್ ತುಂಬುವ ಗಡಿಬಿಡಿಯಲ್ಲಿ.

ಕಳೆದ ಮಳೆಗಾಲದಲ್ಲಿ ನಮ್ಮ ಅಕೌಂಟೆಂಟ್ ಅಕ್ಕಾವರು ಬೈಲಹೊಂಗಲದ ಮನೆಯಿಂದ ಫೋನ್ ಮಾಡಿದರು. ಬ್ರಾಡ್‌ಬ್ಯಾಂಡ್ ಹೋಗಿತ್ತು, ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ನಡೆಸಿದ್ದರು. "ಸರ್, ವಿಪಿಎನ್ ಹಸಿರು ತೋರಸ್ತೈತ್ರಿ. ಪಾಸ್‌ವರ್ಡ್ ಹಾಕಿದ ಮ್ಯಾಲೆ ಪೂರಾ ಕರ್ರಗ ಆಗಿ ಕುಂದ್ರತೈತ್ರಿ."

ಈ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಪಾಸ್‌ವರ್ಡ್‌ವರೆಗೆ ಬಂದಿದೆ ಅಂದರೆ ಸರ್ವರ್ ಎದ್ದಿದೆ, ದಾರಿಯೂ ಇದೆ. ಆದರೂ ಖಾತ್ರಿಗೆ ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್ ತೆಗೆಸಿ, ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ನಿಂದ ಸರ್ವರ್‌ನ 3389ನೇ ಪೋರ್ಟ್, ಅಂದರೆ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು, ಸಿಗುತ್ತದೆಯೇ ಅಂತ ನೋಡಿಸಿದೆ. ಟ್ರೂ, ಅಂದರೆ ಸಿಗುತ್ತದೆ, ಅಂತ ಬಂತು. ಇನ್ನು ಸುಮ್ನೆ ಸರ್ವರ್ ರೀಸ್ಟಾರ್ಟ್ ಮಾಡಿ ಉಳಿದವರ ಕೆಲಸ ಕೆಡಿಸುವುದರಲ್ಲಿ ಅರ್ಥವಿಲ್ಲ.

ನೆಟ್‌ವರ್ಕ್‌ನಲ್ಲಿ ಮಾಹಿತಿ ಹೋಗುವುದು ಪ್ಯಾಕೆಟ್ ಅನ್ನುವ ಪೊಟ್ಟಣಗಳಲ್ಲಿ. ಸಣ್ಣ ಪ್ಯಾಕೆಟ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ನನ್ನ ಅನುಮಾನ ಇದೇ ಆಗಿತ್ತು. ತಗ್ಗು ರೈಲ್ವೆ ಸೇತುವೆ ಕೆಳಗೆ ಬೈಕು ಸಲೀಸಾಗಿ ದಾಟಿ, ಕಬ್ಬು ಹೇರಿದ ಟ್ರ್ಯಾಕ್ಟರ್ ಸಿಕ್ಕಿಹಾಕಿಕೊಳ್ಳುತ್ತದಲ್ವಾ, ಹಾಗೆ. ಕನೆಕ್ಟ್ ಆಗುವಾಗ ಎರಡೂ ಕಂಪ್ಯೂಟರ್ ಕೈಕುಲುಕುವ ಮಾತುಕತೆಯೆಲ್ಲ ಸಣ್ಣದು. ಪರದೆಯ ಚಿತ್ರ ಬರಲು ಶುರುವಾದಾಗ ಪ್ಯಾಕೆಟ್ ತುಂಬಿರುತ್ತದೆ.

ನಾವು ಬಳಸುವ ವಿಪಿಎನ್ ವೈರ್‌ಗಾರ್ಡ್. ಅದರ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ, ಸಾಮಾನ್ಯವಾಗಿ 1420 ಬೈಟ್ ಇರುತ್ತದೆ. ಹೊರಗಿನ ದಾರಿ 1500 ಬೈಟ್ ಹೊರುತ್ತದೆ ಅನ್ನುವ ಲೆಕ್ಕದಲ್ಲಿ ಇಟ್ಟ ಅಂಕಿ ಅದು. ಮೊಬೈಲ್ ನೆಟ್‌ವರ್ಕ್‌ನಲ್ಲಿ ಅಷ್ಟು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಅಕ್ಕಾವರಿಗೆ ಪಿಂಗ್ (ಸರ್ವರ್ ಉತ್ತರ ಕೊಡುತ್ತದೆಯೇ ನೋಡುವ ಕಮಾಂಡ್) ಜೊತೆ "-ಎಫ್" ಮತ್ತು "-ಎಲ್ 1392" ಹಾಕಲು ಹೇಳಿದೆ. ಮೊದಲನೆಯದು ಪ್ಯಾಕೆಟ್ ತುಂಡು ಮಾಡಬೇಡ ಅಂತ, ಎರಡನೆಯದು ಅದರ ಅಳತೆ. 1392ಕ್ಕೆ ಹೆಡರ್‌ಗಳ 28 ಬೈಟ್ ಸೇರಿದರೆ 1420. ಟೈಮ್ಡ್ ಔಟ್, ಮತ್ತೆ ಟೈಮ್ಡ್ ಔಟ್. ಇಳಿಸುತ್ತಾ ಬಂದೆವು. 1252ಕ್ಕೆ ಉತ್ತರ ಬರತೊಡಗಿತು. ಅಂದರೆ 1280. ವೈರ್‌ಗಾರ್ಡ್ ಸೆಟ್ಟಿಂಗ್‌ನಲ್ಲಿ, ಇಂಟರ್‌ಫೇಸ್ ಭಾಗದ ಕೆಳಗೆ, ಎಂಟಿಯು 1280 ಅಂತ ಒಂದೇ ಸಾಲು ಬರೆಸಿದೆ. ಟನಲ್ (ವಿಪಿಎನ್‌ನ ದಾರಿ) ಬಂದ್ ಮಾಡಿ ಮತ್ತೆ ಹಚ್ಚಿದರು. "ಬಂತ್ರೀ ಸರ್, ಟ್ಯಾಲಿ ಕಾಣಾಕತ್ತೈತಿ!"

ಪೋರ್ಟ್ ಪರೀಕ್ಷೆಯೇ ಫೇಲ್ ಆದರೆ ಕಥೆ ಬೇರೆ. ಆಗ ನಾನು ಮೊದಲು ಕೇಳುವುದು ಮನೆಯ ವೈಫೈ ಐಪಿ ವಿಳಾಸ. ಆಫೀಸಿನಲ್ಲೂ 192.168.1, ಮನೆಯಲ್ಲೂ 192.168.1 ಇದ್ದರೆ ಲ್ಯಾಪ್‌ಟಾಪ್ ಆಫೀಸಿನ ಸರ್ವರನ್ನು ಮನೆಯಲ್ಲೇ ಹುಡುಕುತ್ತದೆ. ಪ್ಯಾಕೆಟ್ ಟನಲ್ ಕಡೆ ತಿರುಗುವುದೇ ಇಲ್ಲ. ಹೊಸದಾಗಿ ನೆಟ್‌ವರ್ಕ್ ಹಾಕುವವರು ದಯವಿಟ್ಟು ಆಫೀಸಿಗೆ 10.37 ಥರದ ಅಪರೂಪದ ಸರಣಿ ಇಡಿ. ಮುಂದೆ ಎಷ್ಟೋ ಫೋನ್ ಉಳಿಯುತ್ತವೆ. ಸರ್ವರ್ ಹೆಸರು ಹಾಕಿದರೆ ಸಿಗದೆ, ಐಪಿ ಹಾಕಿದರೆ ಸಿಕ್ಕರೆ, ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್ ನೋಡಿ. ಮನೆಯ ಪಿಸಿಯಿಂದ ಆಫೀಸಿಗೆ ಹೋಗಲು ವಿಂಡೋಸ್ ಹೋಮ್ ಸಾಕು. ಆದರೆ ಆಫೀಸಿನ ಪಿಸಿಯಲ್ಲೇ ಹೋಮ್ ಇದ್ದರೆ ಅದು ರಿಮೋಟ್ ಡೆಸ್ಕ್‌ಟಾಪ್‌ಗೆ ಬಾಗಿಲು ತೆಗೆಯುವುದಿಲ್ಲ, ಪ್ರೊ ಬೇಕು.

ಇಷ್ಟೆಲ್ಲ ಯಾಕೆ, ವಿಪಿಎನ್ ಬಿಟ್ಟು ರೂಟರ್‌ನಲ್ಲಿ 3389 ನೇರ ಇಂಟರ್ನೆಟ್‌ಗೆ ಓಪನ್ ಮಾಡಿಬಿಡಿ ಅಂತ ಹೇಳುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ನಾನು ಇದಕ್ಕೆ ಒಪ್ಪುವುದೇ ಇಲ್ಲ. 2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಬ್ಲೂಕೀಪ್ ಅನ್ನುವ ದೋಷ ಹೊರಬಿತ್ತು. ಹಳೆಯ ವಿಂಡೋಸ್‌ಗಳೊಳಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಬಹುದಿತ್ತು. ಬೆಂಬಲ ಯಾವತ್ತೋ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು. ಪೋರ್ಟ್ ನಂಬರ್ ಬದಲಿಸಿದರೂ ಸ್ಕ್ಯಾನ್ ಮಾಡುವವರು ಹುಡುಕಿಕೊಳ್ಳುತ್ತಾರೆ. ಕಾರ್ಮಿಕರ ಪಗಾರದ ಲೆಕ್ಕ, ಗಿರಾಕಿಗಳ ಡ್ರಾಯಿಂಗ್ ಎಲ್ಲ ಅದೇ ಸರ್ವರ್‌ನಲ್ಲಿವೆ. ನಮ್ಮ ರೂಟರ್‌ನಲ್ಲಿ 3389 ಮುಚ್ಚಿದೆ. ಸರ್ವರ್‌ನ ಫೈರ್‌ವಾಲ್‌ನಲ್ಲೂ, ಸ್ಕೋಪ್ ಅನ್ನುವ ಟ್ಯಾಬ್‌ನಲ್ಲಿ, ವಿಪಿಎನ್ ವಿಳಾಸಗಳಿಗೆ ಮಾತ್ರ ಆ ಪೋರ್ಟ್ ಬಿಟ್ಟಿದ್ದೇನೆ.