ವಿಟ್ ಶುಕ್ರವಾರದ ಸಂಜೆ, ಹಳ್ಳಿ ಬ್ಯಾಂಡುಗಳ ಬೆನ್ನಿಗೆ

ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಭಾನುವಾರ ಕಳೆದ ಮೇಲಿನ ಶುಕ್ರವಾರವೇ ವಿಟ್ ಶುಕ್ರವಾರ. ಅಂದು ಮ್ಯಾಂಚೆಸ್ಟರಿನ ಪೂರ್ವಕ್ಕಿರುವ ಸ್ಯಾಡಲ್‌ವರ್ತ್ ಹಳ್ಳಿಗಳಲ್ಲಿ ಬೆಳಿಗ್ಗೆ ಚರ್ಚಿನ ಮೆರವಣಿಗೆ, ಸಂಜೆ ಹಿತ್ತಾಳೆ ಬ್ಯಾಂಡುಗಳ ಪೈಪೋಟಿ. ಗುಡ್ಡದ ಮೇಲಿನ ಡಾಬ್‌ಕ್ರಾಸ್‌ಗೆ ನಾವು ಹೋಗುವ ಹೊತ್ತಿಗೆ ಬಸ್ಸುಗಳು ಸಾಲುಗಟ್ಟಿದ್ದವು.

ಇಳಿದವರ ಕೈಯಲ್ಲಿ ಕ್ಲಾರಿನೆಟ್ ಹುಡುಕಬೇಡಿ. ನಮ್ಮ ದಿಬ್ಬಣದ ಬ್ಯಾಂಡ್‌ಸೆಟ್ಟಿಗೆ ಅದೇ ಜೀವ. ಇಲ್ಲಿ ರೀಡಿನ (ಊದಿದಾಗ ಕಂಪಿಸುವ ತೆಳು ಪಟ್ಟಿಯ) ವಾದ್ಯಕ್ಕೆ ಜಾಗವೇ ಇಲ್ಲ. ಪೂರ್ಣ ಬ್ಯಾಂಡಿನಲ್ಲಿ ಊದುವವರು 25 ಮಂದಿ: ಹತ್ತು ಕಾರ್ನೆಟ್ (ಗಿಡ್ಡ ಟ್ರಂಪೆಟ್ಟಿನಂಥದ್ದು), ಒಂದು ಫ್ಲೂಗಲ್, ಮೂರು ಟೆನರ್ ಹಾರ್ನ್, ಬ್ಯಾರಿಟೋನ್, ಯುಫೋನಿಯಂ ಎರಡೆರಡು, ಮೂರು ಟ್ರಾಂಬೋನ್, ನಾಲ್ಕು ಬಾಸ್ (ದೊಡ್ಡ ಟ್ಯೂಬಾ). ಬಾಸ್ ಟ್ರಾಂಬೋನ್ ಬಿಟ್ಟು ಎಲ್ಲರಿಗೂ ಒಂದೇ ಸ್ವರಲಿಪಿಯಲ್ಲಿ, ಅಂದರೆ ಟ್ರೆಬಲ್ ಕ್ಲೆಫ್‌ನಲ್ಲೇ ಬರೆದಿರುತ್ತಾರೆ. ವಾಲ್ವಿನ (ಬೆರಳಲ್ಲಿ ಒತ್ತುವ ಗುಂಡಿಯ) ಯಾವ ವಾದ್ಯ ಹಿಡಿದರೂ ಬರೆದ ಸ್ವರಕ್ಕೆ ಒತ್ತುವ ಬೆರಳು ಅದೇ. ಬಾಸಿನವನು ಊರು ಬಿಟ್ಟರೆ ಕಾರ್ನೆಟ್ಟಿನ ಹುಡುಗ ತುಟಿ ಪಳಗಿಸಿಕೊಂಡು ಆ ಜಾಗಕ್ಕೆ ಬರಬಹುದು. ಒಂದೇ ಹಳ್ಳಿಯಲ್ಲಿ ಇಷ್ಟು ಜನರನ್ನು ಹೊಂದಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ?

ಈ ಕಣಿವೆಗಳಲ್ಲಿ ಬ್ಯಾಂಡು ಬೆಳೆದದ್ದು ಉಣ್ಣೆ, ಹತ್ತಿ ಗಿರಣಿಗಳ ಆಸರೆಯಲ್ಲಿ. 1840ರ ದಶಕದಲ್ಲಿ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್‌ನ ಸ್ಯಾಕ್ಸ್‌ಹಾರ್ನ್‌ಗಳು, ಅಂದರೆ ವಾಲ್ವಿನ ಹಿತ್ತಾಳೆ ವಾದ್ಯಗಳು, ಬಂದವು. 1850ರ ಕಾರ್ಖಾನೆ ಕಾಯ್ದೆ ಹೆಂಗಸರ, ಹದಿಹರೆಯದವರ ಶನಿವಾರದ ದುಡಿಮೆಯನ್ನು ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿತು. ಅವರಿಲ್ಲದೆ ಮಗ್ಗ ಓಡದು, ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ ನಡೆದ ಸ್ಪರ್ಧೆಯನ್ನು ಗೆದ್ದದ್ದು ಪಕ್ಕದ ಮಾಸ್ಲಿಯ ಟೆಂಪರೆನ್ಸ್ ಸ್ಯಾಕ್ಸ್‌ಹಾರ್ನ್ ಬ್ಯಾಂಡ್, ಅಂದರೆ ಹೆಂಡ ಮುಟ್ಟದವರ ಬ್ಯಾಂಡು. (ಈಗಿನ ವಿಟ್ ಶುಕ್ರವಾರದಲ್ಲಿ ಆ ವ್ರತದ ಸುಳಿವೂ ಇಲ್ಲ.) ವಿಟ್ ಶುಕ್ರವಾರದ ಪೈಪೋಟಿಯ ದಾಖಲೆ 1884ರಿಂದ ಸಿಗುತ್ತದೆ.

ಪ್ರತಿ ಹಳ್ಳಿಯದೂ ಬೇರೆಯೇ ಸ್ಪರ್ಧೆ, ಬೇರೆಯೇ ಬಹುಮಾನ. ಬಂದ ಬ್ಯಾಂಡು ಹೆಸರು ಬರೆಸಿ, ಸರದಿ ಕಾದು, ಬೀದಿಯಲ್ಲಿ ಒಂದು ಮಾರ್ಚ್ ನುಡಿಸುತ್ತ ನಡೆಯುತ್ತದೆ. ಮುಂದಿನ ಸಾಲು ಟ್ರಾಂಬೋನಿನವರದು. ಹಿಂದೆ ನಿಂತರೆ ಅವರು ಎಳೆದಾಡುವ ಉದ್ದ ಕೊಳವೆ, ಸ್ಲೈಡು, ಮುಂದಿನವರ ಬೆನ್ನಿಗೆ ತಾಗುತ್ತದೆ. ನಿಲ್ಲಿಸಬೇಕಾದಾಗ ಬಾಸ್ ಡ್ರಮ್ಮಿನವನು ಎರಡು ಗಟ್ಟಿ ಪೆಟ್ಟು ಕೊಡುತ್ತಾನೆ. ಅದು ಕೇಳಿಸದೆ ಹೋದರೆ ಅರ್ಧ ಬ್ಯಾಂಡು ನಿಂತು ಉಳಿದರ್ಧ ಊದುತ್ತಲೇ ಇರುತ್ತದೆ. ಆಮೇಲೆ ಒಂದೆಡೆ ನಿಂತು ಸ್ಪರ್ಧೆಯ ಮಾರ್ಚ್. ತೀರ್ಪುಗಾರ ಪರದೆ ಎಳೆದ ಕ್ಯಾರವಾನಿನಲ್ಲಿ ಕೂತಿರುತ್ತಾನೆ, ಯಾವ ಬ್ಯಾಂಡೆಂದು ಅವನಿಗೆ ಕಾಣದು. ಮುಗಿದದ್ದೇ ತಡ, ಎಲ್ಲರೂ ಬಸ್ಸಿಗೆ ಓಡಿ ಮುಂದಿನ ಹಳ್ಳಿಗೆ.

ಸಂಜೆ ಕೆಡಿಸುವುದು ಮಳೆಯೆಂದು ಹೊಸಬರು ತಿಳಿಯುತ್ತಾರೆ. ಹಿತ್ತಾಳೆಗೆ ಮಳೆ ಏನೂ ಮಾಡದು. ವಾದ್ಯಕ್ಕೆ ಸಿಕ್ಕಿಸಿದ ಸ್ವರದ ಕಾರ್ಡು ಮಾತ್ರ ಮೆತ್ತಗಾಗುತ್ತದೆ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಸಾಕು. ನಿಜವಾದ ತೊಂದರೆ ಚಳಿಯದು. ಸರದಿಯಲ್ಲಿ ಕಾಯುವಾಗ ಕೊಳವೆಯೊಳಗಿನ ಗಾಳಿ ತಣ್ಣಗಾಗಿ ಶ್ರುತಿ ಇಳಿಯುತ್ತದೆ, ಊದುತ್ತ ಹೋದಂತೆ ಏರುತ್ತದೆ. ಆದ್ದರಿಂದ ಪಳಗಿದವರು ಕಾಯುವಾಗಲೂ ಸದ್ದಿಲ್ಲದೆ ಬಿಸಿಯುಸಿರು ಬಿಡುತ್ತಿರುತ್ತಾರೆ. ಸಾಲದ್ದಕ್ಕೆ ತುಟಿಯ ದಣಿವು ಬೇರೆ. ಏಳೆಂಟು ಹಳ್ಳಿ ದಾಟಿದ ಮೇಲೆ ಮೊದಲು ಸೋಲುವುದು ಎಲ್ಲಕ್ಕಿಂತ ಮೇಲಿನ ಸ್ಥಾಯಿಯ ಸೊಪ್ರಾನೋ ಕಾರ್ನೆಟ್ಟಿನ ಮೇಲಿನ ಸ್ವರ. ಎಲ್ಲ ಹಳ್ಳಿ ಮುಟ್ಟುವ ದುರಾಸೆಗಿಂತ, ಕಿರಿದಾರಿಯಲ್ಲಿ ಬಸ್ಸು ಸಿಕ್ಕಿಕೊಳ್ಳದಂತೆ ಆರು ಹಳ್ಳಿ ಆರಿಸಿಕೊಂಡವರೇ ಜಾಣರೆಂದು ನನ್ನ ಎಣಿಕೆ.

ಮ್ಯಾಂಚೆಸ್ಟರಿನಲ್ಲಿರುವ ಕನ್ನಡಿಗರು ಹೋಗುವುದಾದರೆ ಕಾರು ಬೇಡ, ರಸ್ತೆಗಳು ಮುಚ್ಚಿರುತ್ತವೆ. ರೈಲಿನಲ್ಲಿ ಗ್ರೀನ್‌ಫೀಲ್ಡ್‌ಗೆ ಇಳಿದು ಅಪ್ಪರ್‌ಮಿಲ್‌ಗೆ ನಡೆಯಿರಿ. ಹೆಸರಾಂತ ಬ್ಯಾಂಡಿಗಾಗಿ ಕಾಯುತ್ತ ಕೂರದೆ, ಸಂಜೆಯ ಮೊದಲ ಸುತ್ತಿನಲ್ಲೇ ಬರುವ ಮಕ್ಕಳ ಬ್ಯಾಂಡುಗಳನ್ನು ಕೇಳಿಬಿಡಿ. ಕತ್ತಲಾದ ಮೇಲೆ ಅವರು ಸಿಗುವುದು ಕಷ್ಟ.