ಮೊದಲು ಮಾಡು, ಆಮೇಲೆ ಬಲಿಪೀಠ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳೆಯ ಕಥೋಲಿಕ ಚರ್ಚುಗಳನ್ನು ಪರಿಶೀಲಿಸಿ ದುರಸ್ತಿಯ ಅಂದಾಜುಪಟ್ಟಿ ಬರೆಯುವುದು ಸಿವಿಲ್ ಇಂಜಿನಿಯರಾಗಿ ನನ್ನ ಕೆಲಸದ ಒಂದು ಭಾಗ. ಪಟ್ಟಿಯನ್ನು ಕೈಗಿಟ್ಟ ಮೇಲೆ ಇಂಜಿನಿಯರನ ಪಾಲು ಮುಗಿಯಿತು, ಹಣ ಕೂಡಿಸುವುದು ಧರ್ಮಗುರುಗಳ ಮತ್ತು ಪಾಲನಾ ಮಂಡಳಿಯ ಹೊಣೆ ಎಂಬ ಭಾವನೆ ಎರಡೂ ಕಡೆ ಇರುತ್ತದೆ. ಅದು ಸರಿಯಲ್ಲವೆಂಬುದು ನನ್ನ ಅನುಭವ. ಕಟ್ಟಡಕ್ಕೆ ಯಾವುದು ಮೊದಲು ಬೇಕೋ ಅದಕ್ಕೆ ದೇಣಿಗೆ ಕೊಡಲು ಜನ ಕೊನೆಗೆ ಬರುತ್ತಾರೆ. ಜನ ಯಾವುದಕ್ಕೆ ಮುಂದಾಗಿ ಕೊಡುತ್ತಾರೋ ಅದು ಕಟ್ಟಡಕ್ಕೆ ಎಲ್ಲಕ್ಕಿಂತ ಕೊನೆಗೆ ಬೇಕಾದದ್ದಾಗಿರುತ್ತದೆ. ಈ ತಿರುವುಮುರುವನ್ನು ಅಂದಾಜುಪಟ್ಟಿಯಲ್ಲೇ ನೇರ ಮಾಡಿಕೊಳ್ಳದಿದ್ದರೆ, ಆಮೇಲೆ ಎಷ್ಟು ಒಳ್ಳೆಯ ಪ್ರಸಂಗ ಕೊಟ್ಟರೂ ಎಷ್ಟು ಚೆಂದದ ಮನವಿಪತ್ರ ಅಚ್ಚು ಹಾಕಿಸಿದರೂ ಪ್ರಯೋಜನವಾಗುವುದಿಲ್ಲ.

ಕಟ್ಟಡದ ಕ್ರಮವನ್ನು ನಮ್ಮಲ್ಲಿ ನಿರ್ಧರಿಸುವುದು ಮಳೆ. ಮಂಗಳೂರಿನ ಆಸುಪಾಸಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಹಳೆಯ ಚರ್ಚುಗಳ ಗೋಡೆಗಳು ಸಾಮಾನ್ಯವಾಗಿ ಮುರಕಲ್ಲಿನವು (ಲ್ಯಾಟರೈಟ್). ಮುರಕಲ್ಲು ನೀರು ಹೀರುವ ಕಲ್ಲು. ಹೀರಿದ್ದನ್ನು ಹೊರಗೆ ಬಿಡಲು ದಾರಿ ಇದ್ದರೆ ಅದಕ್ಕೆ ತೊಂದರೆಯಿಲ್ಲ. ಸುಣ್ಣದ ಗಾರೆ ಮತ್ತು ಸುಣ್ಣದ ಸಾರಣೆ ಆ ದಾರಿಯನ್ನು ಬಿಟ್ಟುಕೊಡುತ್ತವೆ. ನಂತರದ ಕಾಲದಲ್ಲಿ ಗಟ್ಟಿಯಾಗಲೆಂದು ಮೇಲೆ ಬಳಿದ ಸಿಮೆಂಟ್ ಸಾರಣೆ ಮತ್ತು ಅದರ ಮೇಲಿನ ಪ್ಲಾಸ್ಟಿಕ್ ಬಣ್ಣ ಆ ದಾರಿಯನ್ನು ಮುಚ್ಚುತ್ತವೆ. ಆಗ ನೀರಿನಲ್ಲಿ ಕರಗಿದ ಉಪ್ಪು ಸಾರಣೆಯ ಹಿಂದೆಯೇ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಪೊರೆಪೊರೆಯಾಗಿ ಬೀಳುವುದಕ್ಕೆ ಹೆಚ್ಚಿನ ಕಡೆ ಕಾರಣ ಇದೇ. ಅದನ್ನು ಕೆರೆದು ಮತ್ತೆ ಸಿಮೆಂಟ್ ಬಳಿದರೆ ಕೆಲವು ಮಳೆಗಾಲಗಳ ಬಳಿಕ ಅದೇ ಖರ್ಚು ಮರಳಿ ಬರುತ್ತದೆ.

ಮಾಡಿನ, ಅಂದರೆ ಚಾವಣಿಯ, ಮಾತು ಇನ್ನೂ ಮುಖ್ಯ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ ಸೇರಿಕೊಂಡ ಮೇಲೆ, ಕರಾವಳಿಯ ಚರ್ಚುಗಳ ಮೇಲೆ ಕೆಂಪು ಹಂಚು ಕೂತಿತು. (ಹಂಚಿನ ಮೇಲೆ 1865 ಎಂಬ ಅಂಕಿ ಕಂಡರೆ ತಮ್ಮ ಇಗರ್ಜಿಯ ಮಾಡು ಅಷ್ಟು ಹಳೆಯದೆಂದು ಹೆಮ್ಮೆಪಡುವವರಿದ್ದಾರೆ, ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವೆಂದು ತಿಳಿಯುವಂತಿಲ್ಲ.) ಹಂಚು ಒಡೆದರೆ ಬದಲಿಸುವುದು ಸುಲಭ. ಅಪಾಯವಿರುವುದು ಅದರ ಕೆಳಗೆ: ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳಲ್ಲಿ, ಎರಡು ಮಾಡುಗಳು ಸೇರುವಲ್ಲಿ ನೀರು ಹರಿಯುವ ತಗಡಿನ ದಂಬೆಯಲ್ಲಿ, ಹಂಚನ್ನು ಹೊರುವ ಗೆದ್ದಲು ಹಿಡಿದ ಮರದ ಪಕ್ಕಾಸು ಮತ್ತು ರೀಪುಗಳಲ್ಲಿ. ಕೆಳಗೆ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವವರಿಗೆ ಇವು ಯಾವುವೂ ಕಾಣುವುದಿಲ್ಲ, ಏಕೆಂದರೆ ನಡುವೆ ಹಲಗೆಯ ಮುಚ್ಚಿಗೆ ಇರುತ್ತದೆ. ಕಾಣದ್ದಕ್ಕೆ ಹಣ ಕೇಳುವುದು ಈ ಕೆಲಸದ ಕಷ್ಟ.

ಆದ್ದರಿಂದ ಪರಿಶೀಲನೆಯನ್ನು ಬೇಸಗೆಯಲ್ಲಿ ಮಾಡಿ ಮುಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮರದ ಆರೋಗ್ಯವನ್ನು ಬೇಸಗೆಯಲ್ಲಿ ನೋಡಬಹುದು. ನೀರಿನ ದಾರಿಯನ್ನು ಜುಲೈ ತಿಂಗಳಲ್ಲಿ, ಮಳೆ ಸುರಿಯುತ್ತಿರುವಾಗಲೇ, ಮುಚ್ಚಿಗೆಯ ಮೇಲೆ ಹತ್ತಿ ನೋಡಬೇಕು. ಹಾಗೆ ಹತ್ತುವಾಗ ಪಾಲನಾ ಮಂಡಳಿಯ ಉಪಾಧ್ಯಕ್ಷರನ್ನೋ ಹಣಕಾಸು ಸಮಿತಿಯ ಒಬ್ಬ ಸದಸ್ಯರನ್ನೋ ಕರೆದೊಯ್ಯುವುದು ವಾಡಿಕೆ ಮಾಡಿಕೊಂಡಿದ್ದೇನೆ. ತೊಲೆಯ ತುದಿಗೆ ಉಳಿ ಚುಚ್ಚಿದಾಗ ಅದು ಹಿಡಿಯವರೆಗೂ ಇಳಿದದ್ದನ್ನು ಸ್ವಂತ ಕಣ್ಣಿನಿಂದ ಕಂಡ ಒಬ್ಬ ಗುರಿಕಾರರು (ವಾಳೆಯ ಮುಖ್ಯಸ್ಥರು) ತಮ್ಮ ವಾಳೆಯ, ಅಂದರೆ ಚರ್ಚಿನ ವ್ಯಾಪ್ತಿಯ ಒಂದು ವಾರ್ಡಿನ, ಮನೆಗಳಲ್ಲಿ ಹೇಳುವ ಮಾತಿಗೆ ನನ್ನ ಹತ್ತು ಪುಟದ ವರದಿಗಿಂತ ತೂಕ ಹೆಚ್ಚು. ತೆಗೆದ ಫೋಟೊಗಳನ್ನು ಭಾನುವಾರದ ಬಲಿಪೂಜೆಯ ನಂತರ ಪರದೆಯ ಮೇಲೆ ತೋರಿಸುವುದೂ ಒಳ್ಳೆಯದೇ, ಆದರೆ ಅದು ಎರಡನೆಯ ಸ್ಥಾನದ ಉಪಾಯ.

ಈಗ ದೇಣಿಗೆಯ ಕ್ರಮ. ಬಲಿಪೀಠ (ಧರ್ಮಗುರುಗಳು ಪೂಜೆ ಅರ್ಪಿಸುವ ಪೀಠ), ಪಾಲಕ ಸಂತರ ಪ್ರತಿಮೆ, ಗಂಟೆ, ಗ್ರಾನೈಟ್ ನೆಲ, ಹೊಸ ಬೆಂಚುಗಳು, ಈಚೆಗೆ ಹವಾನಿಯಂತ್ರಣ, ಇವಕ್ಕೆ ದಾನಿಗಳು ತಾವಾಗಿ ಬರುತ್ತಾರೆ. ತಂದೆತಾಯಿಯರ ನೆನಪಿಗೆ ಬಲಿಪೀಠ ಮಾಡಿಸಿಕೊಡುತ್ತೇವೆ ಎನ್ನುವ ಕುಟುಂಬವನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಗೆದ್ದಲು ನಿವಾರಣೆಯನ್ನೋ ಕೆಲಸಗಾರರು ಹತ್ತಿ ನಿಲ್ಲುವ ಸಾರುವೆ ಕಟ್ಟುವ ಖರ್ಚನ್ನೋ ತಂದೆತಾಯಿಯರ ನೆನಪಿಗೆ ವಹಿಸಿಕೊಂಡವರನ್ನು ಕಂಡಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಮನುಷ್ಯರ ಭಕ್ತಿ ಕಣ್ಣಿಗೆ ಕಾಣುವ ವಸ್ತುವನ್ನು ಹಿಡಿದೇ ಬೆಳೆಯುತ್ತದೆ. ತೊಡಕು ಹುಟ್ಟುವುದು ಆ ಹಣವನ್ನು ಸ್ವೀಕರಿಸಿದ ಮರುಗಳಿಗೆಯಿಂದ. ಕಥೋಲಿಕ ಧರ್ಮಸಭೆಯ ಕಾನೂನು ಗ್ರಂಥವಾದ 1983ರ ಕ್ಯಾನನ್ ಸಂಹಿತೆಯ 1267ನೇ ವಿಧಿಯ ಮೂರನೆಯ ಉಪವಿಧಿಯ ಪ್ರಕಾರ ಭಕ್ತರು ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬಹುದು. ಬಲಿಪೀಠಕ್ಕೆಂದು ಬಂದ ಹಣವನ್ನು ಮಾಡಿಗೆ ತಿರುಗಿಸುವ ಅಧಿಕಾರ ಧರ್ಮಗುರುಗಳಿಗೂ ಇಲ್ಲ, ಮಂಡಳಿಗೂ ಇಲ್ಲ.

ಒಂದು ಧರ್ಮಕೇಂದ್ರದಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಭಕ್ತಸಮುದಾಯದಲ್ಲಿ) ಇದರ ಪರಿಣಾಮವನ್ನು ಹತ್ತಿರದಿಂದ ನೋಡಿದೆ. ನನ್ನನ್ನು ಕರೆಸುವ ಮುಂಚೆಯೇ ಅಲ್ಲಿ ‘ಚರ್ಚ್ ನವೀಕರಣಕ್ಕೆ ಉದಾರವಾಗಿ ನೆರವಾಗಿರಿ’ ಎಂಬ ಮನವಿ ಹೊರಟಿತ್ತು, ಅದರ ಕೆಳಗೆ ಬಲಿಪೀಠ, ಗಂಟೆಗೋಪುರ, ನೆಲಹಾಸು ಎಂದು ಬಾಬ್ತುಗಳನ್ನು ನಮೂದಿಸಿ ಒಂದೊಂದಕ್ಕೂ ಮೊತ್ತ ಸೂಚಿಸಲಾಗಿತ್ತು. ಮಾಡು ಆ ಪಟ್ಟಿಯಲ್ಲೇ ಇರಲಿಲ್ಲ. ಹಣ ಚೆನ್ನಾಗಿಯೇ ಬಂತು. ಮಳೆಗಾಲ ಬಂದಾಗ ಬಲಿಪೀಠದ ಹಣ ಬ್ಯಾಂಕಿನಲ್ಲಿತ್ತು, ಬಲಿಪೀಠದ ಮೇಲೆ ಟಾರ್ಪಾಲು ಇತ್ತು. ಕೊನೆಗೆ ಧರ್ಮಗುರುಗಳು ದಾನಿಗಳ ಮನೆಗಳಿಗೆ ಒಬ್ಬೊಬ್ಬರಲ್ಲಿಗೂ ಹೋಗಿ, ಮೊತ್ತದ ಒಂದು ಭಾಗವನ್ನು ಮಾಡಿಗೆ ಬಳಸಲು ಲಿಖಿತ ಒಪ್ಪಿಗೆ ಪಡೆದರು. ಹೆಚ್ಚಿನವರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ, ಅವರ ಹಕ್ಕು ಅವರದು.

ಅಂದಿನಿಂದ ಅಂದಾಜುಪಟ್ಟಿಯ ಜೊತೆಗೇ ಮನವಿಯ ಕರಡನ್ನೂ ಓದಿಸಿ ಎಂದು ಕೇಳಿಕೊಳ್ಳುತ್ತೇನೆ. ಪಟ್ಟಿಯನ್ನು ಕೆಲಸದ ಹಂತಗಳಾಗಿ ಬರೆಯುತ್ತೇನೆ: ಮೊದಲ ಹಂತದಲ್ಲಿ ಮಾಡು, ದಂಬೆ ಮತ್ತು ಕಟ್ಟಡದ ಸುತ್ತಲಿನ ಚರಂಡಿ, ಎರಡನೆಯದರಲ್ಲಿ ಗೋಡೆಗಳ ಸಿಮೆಂಟ್ ತೆಗೆದು ಸುಣ್ಣದ ಸಾರಣೆ ಮಾಡಿ ಒಣಗಲು ಬಿಡುವುದು, ಬಣ್ಣ, ನೆಲ, ಬಲಿಪೀಠ ಆ ಬಳಿಕ. ಮನವಿಯಲ್ಲಿ ಒಂದೇ ಬಾಬ್ತು ಇರಬೇಕು, ‘ಚರ್ಚ್ ಕಟ್ಟಡದ ದುರಸ್ತಿ, ಇಂಜಿನಿಯರರ ವರದಿಯ ಹಂತಗಳ ಕ್ರಮದಲ್ಲಿ’ ಎಂದು. ಅದೇ ವಾಕ್ಯ ರಸೀದಿಯಲ್ಲಿಯೂ ಅಚ್ಚಾಗಿರಬೇಕು. ಬಲಿಪೀಠವನ್ನೇ ಕೊಡಬಯಸುವ ಕುಟುಂಬವನ್ನು ನಿರಾಶೆಗೊಳಿಸಬೇಕಾಗಿಲ್ಲ. ಮೊದಲೆರಡು ಹಂತಗಳು ಮುಗಿದ ಮೇಲೆ ಹಣ ಸ್ವೀಕರಿಸುತ್ತೇವೆ ಎಂಬ ಪತ್ರ ಕೊಟ್ಟರೆ ಸಾಕು. ಕಾಯಲು ಒಪ್ಪದವರು ಬಹಳ ಕಡಿಮೆ.

ಕಾಣದ ಕೆಲಸವನ್ನು ಕಾಣುವಂತೆ ಮಾಡಲು ಅಳತೆ ನೆರವಾಗುತ್ತದೆ. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ. ಹಂಚು, ರೀಪು, ಪಕ್ಕಾಸು, ಮರಗೆಲಸ, ಸಾರುವೆ ಎಲ್ಲವನ್ನೂ ಕೂಡಿಸಿ ಮಾಡಿನ ಒಂದು ಚದರ ಮೀಟರಿಗೆ ಒಂದೇ ದರ ಕಟ್ಟಿಕೊಟ್ಟರೆ, ಒಂದು ಮನೆ ಒಂದು ಚದರ ಮೀಟರನ್ನೋ ಒಂದು ವಾಳೆ ಒಂದು ಅಂಕಣವನ್ನೋ ವಹಿಸಿಕೊಳ್ಳಬಹುದು. ಬರಿಯ ಹಂಚಿನ ಬೆಲೆಯನ್ನು ಮಾತ್ರ ಹೇಳಿ ‘ಒಂದು ಹಂಚು ಕೊಡಿ’ ಎನ್ನುವ ಮನವಿಗಳನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಕೊಟ್ಟವರಿಗೆ ಮಾಡು ಮುಗಿಯಿತೆಂಬ ಭಾವನೆ ಬರುತ್ತದೆ, ಮರದ ಖರ್ಚು ಹಾಗೆಯೇ ಉಳಿದಿರುತ್ತದೆ. ನಗದಿಗಿಂತ ವಸ್ತುವನ್ನು ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ, ಹೊರೆಕಾಣಿಕೆಯ ಪದ್ಧತಿ ಈಗ ಚರ್ಚುಗಳ ಶತಮಾನೋತ್ಸವಗಳಲ್ಲಿಯೂ ಕಾಣುತ್ತದೆ. ತೋಟದ ಹಲಸಿನ ಮರ ಕೊಡುತ್ತೇವೆ ಎನ್ನುವವರು ಸಿಕ್ಕಿಯೇ ಸಿಗುತ್ತಾರೆ. ಸಂತೋಷದಿಂದ ಪಡೆಯಬೇಕು, ಆದರೆ ಹಸಿ ಮರವನ್ನು ಕೊಯ್ದು ಅದೇ ವರ್ಷ ಮಾಡಿಗೇರಿಸಿದರೆ ಅದು ಸೊಟ್ಟಗಾಗುತ್ತದೆ. ಕೊಯ್ದು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ, ಒಣಗಿಸಲು ಕಾಲ ಬೇಕು. ಹಾಗಾಗಿ ಮರ ಕೇಳುವ ಮನವಿ ಹಣ ಕೇಳುವ ಮನವಿಗಿಂತ ಬಹಳ ಮೊದಲೇ ಹೊರಡಬೇಕು.

ಕಾನೂನಿನ ಕೆಲವು ಮಾತುಗಳು ಇಂಜಿನಿಯರನ ವ್ಯಾಪ್ತಿಯವಲ್ಲವಾದರೂ ಸಭೆಗಳಲ್ಲಿ ಪ್ರತಿಸಲವೂ ಬರುವುದರಿಂದ ಹೇಳುತ್ತೇನೆ. ಕೊಲ್ಲಿ ದೇಶಗಳಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದೇಣಿಗೆ ವಿದೇಶಿ ವಂತಿಗೆಯಾಗುವುದಿಲ್ಲ. ಕೆನಡಾದಲ್ಲೋ ಬ್ರಿಟನ್ನಿನಲ್ಲೋ ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ, ಅವರು ಇದೇ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ ಪಡೆದವರಾದರೂ, ಅದು ವಿದೇಶಿ ವಂತಿಗೆಯೇ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಸ್ಥೆ ಅದನ್ನು ಪಡೆಯುವಂತಿಲ್ಲ, ಮತ್ತು 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಒಂದು ಸಂಸ್ಥೆ ಪಡೆದು ಇನ್ನೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. ಮನವಿಯಲ್ಲಿ ಖಾತೆ ಸಂಖ್ಯೆ ಹಾಕುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಲೇಬೇಕು. ಆದಾಯ ತೆರಿಗೆಯ ರಿಯಾಯಿತಿಯೂ ಹಾಗೆಯೇ: ಎಲ್ಲರೂ 80ಜಿ ಎಂದು ಕರೆಯುವ ಆ ಸೌಲಭ್ಯ ಚರ್ಚಿನ ದುರಸ್ತಿಗೆ ತಾನಾಗಿ ಸಿಗುವುದಿಲ್ಲ, ಐತಿಹಾಸಿಕ ಮಹತ್ವದ ಅಥವಾ ಪ್ರಸಿದ್ಧ ಆರಾಧನಾಸ್ಥಳವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ ಮಾತ್ರ ಸಿಗುತ್ತದೆ. ಗುತ್ತಿಗೆಯ ಮೇಲಿನ ಜಿಎಸ್‌ಟಿಯನ್ನು ಅಂದಾಜಿನಲ್ಲಿ ಸೇರಿಸದೆ ಗುರಿಮೊತ್ತ ಘೋಷಿಸಿದವರು ಆಮೇಲೆ ಎರಡನೆಯ ಸಲ ಕೈಚಾಚಬೇಕಾಗುತ್ತದೆ.

ದಾನಿಗಳ ನಾಮಫಲಕಗಳ ಬಗ್ಗೆ ನನಗೆ ವೈಯಕ್ತಿಕವಾಗಿ ಅಸಮಾಧಾನವಿದೆ. ಕೃತಜ್ಞತೆಗಾಗಿ ದಾನಿಯ ಹೆಸರು ಹಾಕಿದರೆ ತೆರಿಗೆಯ ತೊಂದರೆಯಿಲ್ಲ, ವ್ಯಾಪಾರದ ಜಾಹೀರಾತಾಗಿ ಹಾಕಿದರೆ ಬೇರೆ ಮಾತು ಎಂದು 2019ರ ಅಕ್ಟೋಬರಿನ ಸುತ್ತೋಲೆಯಲ್ಲಿ ಜಿಎಸ್‌ಟಿ ಅಧಿಕಾರಿಗಳು ಸ್ಪಷ್ಟಪಡಿಸಿದ್ದಾರೆ. ನನ್ನ ಆಕ್ಷೇಪ ತೆರಿಗೆಯದಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮೊಳೆ ಹೊಡೆದು ಗ್ರಾನೈಟ್ ಫಲಕ ಕೂರಿಸುವುದನ್ನು ಕಂಡರೆ ಮನಸ್ಸಿಗೆ ಹಿಡಿಸುವುದಿಲ್ಲ. ಹೆಸರುಗಳನ್ನು ಒಂದೇ ಪುಸ್ತಕದಲ್ಲಿ ಅಕಾರಾದಿಯಾಗಿ, ಮೊತ್ತವಿಲ್ಲದೆ ಬರೆದು ಪ್ರವೇಶದ್ವಾರದ ಬಳಿ ಇಟ್ಟ ಒಂದು ಚರ್ಚಿನಲ್ಲಿ, ಕಡಿಮೆ ಕೊಟ್ಟವರೂ ಮಕ್ಕಳಿಗೆ ತಮ್ಮ ಹೆಸರು ತೋರಿಸುತ್ತಿದ್ದರು.

ಹಳೆಯದನ್ನು ಕೆಡವಿ ಕಾಂಕ್ರೀಟಿನಲ್ಲಿ ದೊಡ್ಡದು ಕಟ್ಟೋಣ ಎಂಬ ಸಲಹೆ ಪ್ರತಿ ಸಭೆಯಲ್ಲಿಯೂ ಏಳುತ್ತದೆ. ಅದನ್ನು ಹೇಳುವವರನ್ನು ಪರಂಪರೆಯ ವೈರಿಗಳೆಂದು ತಳ್ಳಿಹಾಕುವುದು ಅನ್ಯಾಯ. ಹಬ್ಬದ ದಿನ ಅಂಗಳದಲ್ಲಿ ನಿಂತು ಪೂಜೆ ಕೇಳುವವರ ಅನುಭವ ಅವರದು. ಕ್ಯಾನನ್ ಸಂಹಿತೆಯ 1216ನೇ ವಿಧಿ ಚರ್ಚುಗಳ ನಿರ್ಮಾಣದಲ್ಲಿಯೂ ಜೀರ್ಣೋದ್ಧಾರದಲ್ಲಿಯೂ ತಜ್ಞರ ಸಲಹೆ ಪಡೆದು ಆರಾಧನೆಯ ಮತ್ತು ಪವಿತ್ರ ಕಲೆಯ ನಿಯಮಗಳನ್ನು ಪಾಲಿಸಬೇಕೆನ್ನುತ್ತದೆ. ನಾನು ಸಭೆಗೆ ಮೂರು ಅಂದಾಜುಗಳನ್ನು ಒಟ್ಟಿಗೆ ಒಯ್ಯುತ್ತೇನೆ: ದುರಸ್ತಿ, ದುರಸ್ತಿಯ ಜೊತೆಗೆ ಪಕ್ಕದ ವಿಸ್ತರಣೆ, ಮತ್ತು ಹೊಸ ಕಟ್ಟಡ. ವಾದಕ್ಕಿಂತ ಅಂಕಿಗಳು ಬೇಗ ಕೆಲಸ ಮಾಡುತ್ತವೆ. ಮಾಡು ಹೋದ ಇಗರ್ಜಿ ಏನಾಗುತ್ತದೆಂದು ನೋಡಬಯಸುವವರಿಗೆ ಹೇಮಾವತಿಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚು ಇದೆ. ಪ್ರವಾಸಿಗರಿಗೆ ಅದು ಸುಂದರ, ನನ್ನಂಥವರಿಗೆ ನೀರು ಗೋಡೆಗೆ ಏನು ಮಾಡುತ್ತದೆಂಬುದರ ಪಾಠ.

ಚಿತ್ರಗಳು ಮತ್ತು ಹಳೆಯ ಮರದ ಪ್ರತಿಮೆಗಳು ಸಿವಿಲ್ ಗುತ್ತಿಗೆದಾರನ ಕೈಗೆ ಹೋಗಬಾರದು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಪರಂಪರೆಯ ಸಂರಕ್ಷಣೆಗಾಗಿ ಇರುವ ಇನ್‌ಟ್ಯಾಕ್ ಸಂಸ್ಥೆಯ ಪರಿಣತರು ಸಂರಕ್ಷಿಸಿದ್ದು ಎಲ್ಲರಿಗೂ ತಿಳಿದಿದೆ. ಸಣ್ಣ ಧರ್ಮಕೇಂದ್ರಗಳಿಗೂ ಅದೇ ನಿಯಮ ಅನ್ವಯಿಸುತ್ತದೆ. ಆರಾಧನೆಗಿಟ್ಟ ಬೆಲೆಬಾಳುವ ಪ್ರತಿಮೆಯನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡುವಂತಿಲ್ಲ, ಅವರೂ ಪರಿಣತರನ್ನು ಕೇಳಿಯೇ ಅನುಮತಿ ಕೊಡಬೇಕು.

ಕೆಲಸ ಶುರುವಾದ ಮೇಲೆ ಹಣ ಬರುತ್ತಲೇ ಇರಬೇಕಾದರೆ ಲೆಕ್ಕ ತೆರೆದಿರಬೇಕು. ಪ್ರತಿ ತಿಂಗಳ ಮೊದಲ ಭಾನುವಾರ ಬಂದದ್ದು, ಖರ್ಚಾದದ್ದು, ಗುತ್ತಿಗೆದಾರರಿಗೆ ಕೊಡಬೇಕಾಗಿ ಉಳಿದದ್ದು ಎಂಬ ಮೂರು ಸಾಲುಗಳನ್ನು ಸೂಚನಾಫಲಕದಲ್ಲಿ ಹಾಕಲು ಹೇಳುತ್ತೇನೆ. ಮೂರನೆಯ ಸಾಲನ್ನು ಹಾಕಲು ಮಂಡಳಿಗಳು ಹಿಂಜರಿಯುತ್ತವೆ, ಆದರೆ ಹೊಸ ದೇಣಿಗೆ ತರುವುದು ಅದೇ ಸಾಲು. ಹಳೆಯ ಕಟ್ಟಡದಲ್ಲಿ ಮುಚ್ಚಿಗೆ ಬಿಚ್ಚಿದ ಮೇಲೆ ಎಣಿಸದ ಖರ್ಚು ಹೊರಬರುವುದು ಖಂಡಿತವಾದ್ದರಿಂದ, ಅಂದಾಜಿನಲ್ಲಿ ಅದಕ್ಕೊಂದು ಪಾಲನ್ನು ಮೊದಲೇ ಎತ್ತಿಡಬೇಕು, ಅದನ್ನು ಬಚ್ಚಿಡದೆ ಮನವಿಯಲ್ಲಿಯೇ ಹೇಳಬೇಕು. ಇದರ ಜೊತೆಗೆ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹಂಚು ಸರಿಪಡಿಸಿ ದಂಬೆಯ ಕಸ ತೆಗೆಯುವ ಖರ್ಚಿಗೆ ಒಂದು ಕಾಯಂ ಮೂಲವನ್ನು ಗೊತ್ತುಮಾಡದೆ ನಾನು ಕೆಲಸ ಮುಗಿದ ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ. ಕೆಲವು ಕಡೆ ವಾರ್ಷಿಕ ಹಬ್ಬದ ಏಲಂ ಹಣದ ಒಂದು ಪಾಲನ್ನು ಇದಕ್ಕೆ ಗೊತ್ತುಮಾಡಿದ್ದಾರೆ, ಇನ್ನು ಕೆಲವು ಕಡೆ ಸಭಾಂಗಣದ ಬಾಡಿಗೆಯಿಂದ ತೆಗೆದಿಡುತ್ತಾರೆ; ಬಿಚ್ಚಿದ ಹಳೆಯ ಹಂಚುಗಳಲ್ಲಿ ಗಟ್ಟಿಯಾದವನ್ನು ಆರಿಸಿ ಚರ್ಚಿನ ಹಿಂಬದಿಯ ಕೊಟ್ಟಿಗೆಯಲ್ಲಿ ಪೇರಿಸಿಡುವುದಂತೂ ಎಲ್ಲ ಕಡೆಯೂ ಕಡ್ಡಾಯ.